ಪ್ಲೇ ಸ್ಟೋರ್‌ಗೆ ಹೋದ ಆ್ಯಪ್‌ನೊಳಗಿನ ‘ಗುಪ್ತ ಕೀ’ ನಿಜಕ್ಕೂ ಗುಪ್ತವೇ?

‘ಆ್ಯಪ್‌ನ ಕೋಡ್ ಯಾರಿಗೂ ಕಾಣಲ್ಲ, ಒಳಗೆ ಪಾಸ್‌ವರ್ಡ್ ಇಟ್ಟರೂ ಭಯವಿಲ್ಲ.’ ಆ್ಯಪ್ ಮಾಡಿಸಿದವರಲ್ಲಿ ಹಲವರು ಹೀಗೆ ನಂಬಿದ್ದಾರೆ. ಇದು ತಪ್ಪು.

ಬ್ಯಾಡಗಿಯ ದಲಾಲಿ ಅಂಗಡಿಯೊಂದು ಮೆಣಸಿನಕಾಯಿ ದರ ತಿಳಿಸಲು ಆ್ಯಪ್ ಮಾಡಿಸಿದೆ ಎಂದುಕೊಳ್ಳಿ. ದರ ಇರುವುದು ದೂರದ ಸರ್ವರ್‌ನಲ್ಲಿ. ಅದನ್ನು ಕೇಳುವಾಗ ಆ್ಯಪ್ ತನ್ನ ಗುರುತಿಗಾಗಿ ಅಕ್ಷರ, ಅಂಕಿಗಳ ಉದ್ದನೆಯ ಸಾಲೊಂದನ್ನು ತೋರಿಸುತ್ತದೆ. ಅದೇ ಎಪಿಐ ಕೀ. ಡೆವಲಪರ್ ಅವಸರದಲ್ಲಿ ದರ ಬದಲಿಸುವ ಅಧಿಕಾರವಿರುವ ಕೀಯನ್ನೇ ಆ್ಯಪ್‌ನೊಳಗೆ ಬರೆದುಬಿಟ್ಟರೆ, ಅಂಗಡಿಯ ಬೀಗದ ಕೈಯನ್ನು ಗಿರಾಕಿಗಳಿಗೆಲ್ಲ ಹಂಚಿದಂತಾಯಿತು.

ಏಕೆಂದರೆ ಎಪಿಕೆ ಫೈಲ್ ಎಂದರೆ ಒಂದು ಜಿಪ್ ಗಂಟು, ಅಷ್ಟೆ. ಜಾಡ್‌ಎಕ್ಸ್‌ನಂಥ ಉಚಿತ ಸಾಫ್ಟ್‌ವೇರ್ ಅದನ್ನು ಬಿಚ್ಚಿ, ಓದಬಹುದಾದ ಕೋಡ್ ಆಗಿ ತೋರಿಸುತ್ತದೆ. ಪ್ರೊಗಾರ್ಡ್, ಆರ್8 ಬಳಸಿದ್ದೇವೆ ಎನ್ನುವವರಿದ್ದಾರೆ. ಅವು ಕೋಡ್‌ನೊಳಗಿನ ಹೆಸರುಗಳನ್ನು ಕಲಸುತ್ತವೆ, ಕೀ ಮಾತ್ರ ಇದ್ದ ಹಾಗೇ ಇರುತ್ತದೆ.

ಸುಳ್ಳು ದರ ಬ್ಯಾಡಗಿಯಲ್ಲಿ ಸಣ್ಣ ವಿಷಯವಲ್ಲ. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ಅಲ್ಲಿನ ಎಪಿಎಂಸಿಯಲ್ಲಿ ವಾಹನಗಳಿಗೇ ಬೆಂಕಿ ಬಿದ್ದಿತ್ತು.

ಒಬ್ಬರಿಗೆ ಕೊಟ್ಟ ಪ್ರವೇಶವನ್ನು ಇನ್ನೊಬ್ಬರು ಬಳಸಿಕೊಂಡ ಪ್ರಕರಣ ನಮ್ಮ ರಾಜ್ಯದಲ್ಲೇ ಇದೆ. 2017ರ ಆಗಸ್ಟ್‌ನಲ್ಲಿ ಬೆಂಗಳೂರು ಪೊಲೀಸರು ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರನ್ನು ಬಂಧಿಸಿದರು. ಸರ್ಕಾರದ ಇ-ಹಾಸ್ಪಿಟಲ್ ವ್ಯವಸ್ಥೆಗೆ ಇದ್ದ ಆಧಾರ್ ಪ್ರವೇಶವನ್ನು ಅವರ ಖಾಸಗಿ ಇ-ಕೆವೈಸಿ ಆ್ಯಪ್ ಅನುಮತಿಯಿಲ್ಲದೆ ಬಳಸಿಕೊಂಡಿತ್ತು ಎಂಬುದು ಆರೋಪ.

ಹಾಗಾದರೆ ಕೀ ಎಲ್ಲಿರಬೇಕು? ಸರ್ವರ್‌ನಲ್ಲಿ. ಆ್ಯಪ್ ನಿಮ್ಮ ಸರ್ವರ್ ಅನ್ನು ಕೇಳಲಿ, ಸರ್ವರ್ ತನ್ನ ಬಳಿಯ ಕೀ ಬಳಸಿ ಉತ್ತರ ತರಲಿ. ರಾಣೇಬೆನ್ನೂರಿನ ಬೀಜದ ಅಂಗಡಿಯೊಂದು ಆ್ಯಪ್‌ನಲ್ಲಿ ರೇಜರ್‌ಪೇ ಪಾವತಿ ಸೇರಿಸಿದರೆ ಅವರಿಗೆ ಎರಡು ಸಿಗುತ್ತವೆ: ಕೀ ಐಡಿ ಮತ್ತು ಕೀ ಸೀಕ್ರೆಟ್. ಐಡಿ ಆ್ಯಪ್‌ನಲ್ಲಿ ಇರಬಹುದು, ಸೀಕ್ರೆಟ್ ಎಂದಿಗೂ ಕೂಡದು. ಗೂಗಲ್ ಮ್ಯಾಪ್ ಕೀಯಂಥವನ್ನು ಆ್ಯಪ್‌ನಲ್ಲಿ ಇಡಲೇಬೇಕಾಗುತ್ತದೆ. ಆಗ ನಿಮ್ಮ ಆ್ಯಪ್‌ನ ಹೆಸರು, ಸಹಿಗೆ ಮಾತ್ರ ಅದು ನಡೆಯುವಂತೆ ಗೂಗಲ್ ಕ್ಲೌಡ್‌ನಲ್ಲಿ ಮಿತಿ ಹಾಕಿ. ಇಷ್ಟನ್ನೂ ಮಾಡದ ಡೆವಲಪರ್‌ಗೆ ಪೂರ್ತಿ ಹಣ ಕೊಡುವ ಮೊದಲು ಹಾವೇರಿಯವರಾಗಲಿ, ಬೆಂಗಳೂರಿನವರಾಗಲಿ, ‘ಸೀಕ್ರೆಟ್ ಎಲ್ಲಿಟ್ಟಿದ್ದೀರಿ?’ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಕೀ ಈಗಾಗಲೇ ಆ್ಯಪ್‌ನಲ್ಲಿ ಹೋಗಿದ್ದರೆ, ಅಪ್‌ಡೇಟ್‌ನಲ್ಲಿ ಅದನ್ನು ಅಳಿಸಿದರೆ ಸಾಲದು. ಹಳೆಯ ಎಪಿಕೆ ಜನರ ಫೋನ್‌ಗಳಲ್ಲಿ ಉಳಿದೇ ಇರುತ್ತದೆ. ಹಳೆಯ ಕೀಯನ್ನೇ ರದ್ದು ಮಾಡಿ ಹೊಸದು ಪಡೆಯಬೇಕು.