ಮಧುಮೇಹದ ಮದ್ದು ಮತ್ತು ವೈರಸ್ ಜ್ವರಗಳು: ಕೋಲಾರದ ಗಣಿಪ್ರದೇಶವನ್ನು ಕುರಿತ ಒಂದು ವಿವೇಚನೆ

ಮಧುಮೇಹದ ಔಷಧಗಳು ವೈರಸ್ ಜ್ವರಗಳ ಗತಿಯನ್ನು ಬದಲಿಸಬಲ್ಲವೇ ಎಂಬ ಪ್ರಶ್ನೆ ಕೋವಿಡ್ ಕಾಲದಲ್ಲಿ ಹುಟ್ಟಿದುದೆಂದು ಹಲವರ ಭಾವನೆ. ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ೧೯೨೨ರಲ್ಲಿ ಡಬ್ಲಿನ್ ನಗರದಲ್ಲಿ ವರ್ನರ್ ಮತ್ತು ಬೆಲ್ ಎಂಬ ವಿಜ್ಞಾನಿಗಳು ಸಂಯೋಜಿಸಿದ ಮೆಟ್‌ಫಾರ್ಮಿನ್, ಆಗತಾನೆ ಬಂದಿದ್ದ ಇನ್‌ಸುಲಿನ್ನಿನ ಕೀರ್ತಿಯ ಮುಂದೆ ಮರೆಯಾಗಿ ಉಳಿಯಿತು. ೧೯೫೦ರ ಸುಮಾರಿನಲ್ಲಿ ಫಿಲಿಪ್ಪೀನ್ಸಿನ ವೈದ್ಯ ಗಾರ್ಸಿಯಾ ಅದನ್ನು ಇನ್‌ಫ್ಲುಯೆಂಜಕ್ಕೆ ಕೊಟ್ಟರು. ರಕ್ತದ ಸಕ್ಕರೆ ಇಳಿಯುವುದನ್ನೂ ಗುರುತಿಸಿದರು. ಅದನ್ನು ಮಧುಮೇಹಕ್ಕೆ ಬಳಸಿದ ಫಲವನ್ನು ಪ್ಯಾರಿಸಿನ ಸ್ಟರ್ನ್ ಪ್ರಕಟಿಸಿದುದು ೧೯೫೭ರಲ್ಲಿ. ಅಂದರೆ ಸಕ್ಕರೆಯ ಮದ್ದೆಂದು ಹೆಸರಾಗುವ ಮೊದಲೇ ಅದು ಜ್ವರದ ಮದ್ದಾಗಿತ್ತು.

ಈ ಮಾತ್ರೆಯನ್ನು ಮೊದಲಿನಿಂದ ಸೇವಿಸುತ್ತಿದ್ದ ಮಧುಮೇಹಿಗಳಲ್ಲಿ ಕೋವಿಡ್ ಸಾವು ಕಡಮೆಯೆಂದು ೨೦೨೦ರಿಂದೀಚೆಗೆ ಅನೇಕ ಆಸ್ಪತ್ರೆಗಳ ದಾಖಲೆಗಳು ತೋರಿಸಿದುವು. ಆದರೆ ದಾಖಲೆಯನ್ನು ಕಂಡೊಡನೆ ನಂಬುವುದು ಚರಿತ್ರಕಾರನಿಗೆ ತರವಲ್ಲ. ಮೂತ್ರಪಿಂಡಗಳು ತೀರ ಕೆಟ್ಟವರಿಗೆ ಈ ಮದ್ದನ್ನು ಕೊಡುವುದಿಲ್ಲ. ತಪ್ಪದೆ ಸೇವಿಸುವವರು ಬಹುಮಟ್ಟಿಗೆ ವೈದ್ಯರ ಸಂಪರ್ಕವುಳ್ಳವರು. ಬದುಕಿಸಿದುದು ಮಾತ್ರೆಯೋ, ಮಾತ್ರೆಯನ್ನು ದೊರಕಿಸಿದ ಪರಿಸ್ಥಿತಿಯೋ? ಅಮೆರಿಕದಲ್ಲಿ, ತೂಕ ಮಿತಿಮೀರಿದ ರೋಗಿಗಳನ್ನು ಚೀಟಿಯೆತ್ತಿದಂತೆ ವಿಂಗಡಿಸಿ ಮೆಟ್‌ಫಾರ್ಮಿನ್ ಪರೀಕ್ಷಿಸಲಾಯಿತು. ೨೦೨೨ರ ವರದಿಯಂತೆ ಅದರ ಮುಖ್ಯ ಉದ್ದೇಶ ಈಡೇರಲಿಲ್ಲ. ೨೦೨೩ರ ವರದಿಯಂತೆ ದೀರ್ಘಕಾಲದ ಕೋವಿಡ್ ಬಾಧೆ, ಮದ್ದಿಲ್ಲದವರಲ್ಲಿ ನೂರಕ್ಕೆ ೧೦.೪ ಇದ್ದುದು, ಮದ್ದು ಪಡೆದವರಲ್ಲಿ ೬.೩ ಮಾತ್ರವಿತ್ತು. ಆಸ್ಪತ್ರೆ ಸೇರಿದವರಿಗೆ ಎಂಪಾಗ್ಲಿಫ್ಲೋಜಿನ್ ಎಂಬ ಇನ್ನೊಂದು ಸಕ್ಕರೆಯ ಮದ್ದನ್ನು ಕೊಟ್ಟ ಪರೀಕ್ಷೆಯಲ್ಲಿ ಸಾವು ಕಡಮೆಯಾಗಲಿಲ್ಲ.

ಪರಿಸ್ಥಿತಿಯ ಪ್ರಶ್ನೆಗೆ ನಮ್ಮ ನಾಡಿನಲ್ಲಿ ಕೋಲಾರದ ಚಿನ್ನದ ಗಣಿಪ್ರದೇಶವೇ ನಿದರ್ಶನ. ೧೮೮೦ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗಳನ್ನು ವಹಿಸಿಕೊಂಡ ತರುವಾಯ ಕಾರ್ಮಿಕರಿಗೆ ಗಣಿಯ ಆಸ್ಪತ್ರೆ ದೊರೆಯಿತು. ೧೮೯೪ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ರೈಲುದಾರಿ ಬಂದಿತು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದುವು, ಆಸ್ಪತ್ರೆಯೂ ಪಾಳುಬಿದ್ದಿತು. ಗಣಿಯನ್ನು ನಂಬಿದ್ದ ಕುಟುಂಬಗಳ ಸಾವಿರಾರು ಮಂದಿ ಬಂಗಾರಪೇಟೆಯ ಮಾರ್ಗವಾಗಿ ದಿನವೂ ಬೆಂಗಳೂರಿಗೆ ದುಡಿಯಹೋಗುವಂತಾಯಿತು. ೨೦೨೦ರ ಮಾರ್ಚ್ ತಿಂಗಳಲ್ಲಿ ಆ ರೈಲುಗಳೂ ನಿಂತುವು. ೨೦೨೧ರ ಮೇ ತಿಂಗಳಲ್ಲಿ ಸ್ವಯಂಸೇವಕರು ಆ ಹಳೆಯ ಆಸ್ಪತ್ರೆಯನ್ನು ಗುಡಿಸಿ ತೊಳೆದು ಕೋವಿಡ್ ರೋಗಿಗಳಿಗಾಗಿ ಸಜ್ಜುಗೊಳಿಸಿದರು.

ಈ ಕಾರ್ಯ ಶ್ಲಾಘ್ಯವಾದುದು. ಆದರೆ ಹಾಸಿಗೆಗಳನ್ನು ಕೆಲವು ದಿನಗಳಲ್ಲಿ ಹಾಸಬಹುದು. ಮಧುಮೇಹದ ಆರೈಕೆ ತಿಂಗಳು ತಿಂಗಳಿಗೂ ನಡೆದುಬಂದು, ಜ್ವರ ಬರುವ ಮೊದಲೇ ತನ್ನ ಕೆಲಸವನ್ನು ಮಾಡಿರಬೇಕು. ಆದುದರಿಂದ ಮದ್ದಿನ ಫಲವನ್ನು ಅಳೆಯುವವರು ರೋಗಿಯ ಚೀಟಿಯೊಡನೆ ಅವನ ಊರಿನ ಆಸ್ಪತ್ರೆಯ ಚರಿತ್ರೆಯನ್ನೂ ಓದಬೇಕೆಂಬುದು ನಮ್ಮ ಅಭಿಪ್ರಾಯ.