ಚಂದ್ರನಿಗೆ ನೆನಪಿದ್ದ ತಾರೀಖು

ಕೈಗೊಂದು ಉದ್ದದ ಜೂಮ್ ಲೆನ್ಸ್ ಬಂದರೆ ಸಾಕು, ಮುಂದಿನ ಹುಣ್ಣಿಮೆಗೆ ತಾರಸಿ ಹತ್ತುವುದು ಫೋಟೋ ಹುಚ್ಚಿನವರ ಸಂಪ್ರದಾಯವೇ ಆಗಿಬಿಟ್ಟಿದೆ. ನಾನೂ ಹತ್ತಿದವನೇ. ಆದರೆ ಇವತ್ತು ಹೇಳಹೊರಟಿರುವುದು ಆನ್ಸೆಲ್ ಆಡಮ್ಸ್ ಎಂಬ ಅಮೆರಿಕದ ಮಹಾನ್ ಫೋಟೋಗ್ರಾಫರ್ ತೆಗೆದ ಮೂರು ಚಂದ್ರಚಿತ್ರಗಳ ಕತೆ. ಅವುಗಳಲ್ಲಿ ಅತಿ ಪ್ರಸಿದ್ಧವಾದದ್ದಕ್ಕೆ ಬಳಸಿದ ಲೆನ್ಸು, ಫಿಲ್ಟರು, ಎಕ್ಸ್‌ಪೋಷರು ಎಲ್ಲ ಆತನಿಗೆ ಚೆನ್ನಾಗಿ ನೆನಪಿತ್ತು. ತಾರೀಖು ಮಾತ್ರ ಮರೆತುಹೋಗಿತ್ತು. ಅದನ್ನು ಕೊನೆಗೆ ಹೇಳಿದ್ದು ಚಿತ್ರದೊಳಗಿದ್ದ ಚಂದ್ರ!

1941ರ ಒಂದು ಸಂಜೆ. ಆಡಮ್ಸ್ ತನ್ನ ಎಂಟು ವರ್ಷದ ಮಗನನ್ನೂ ಒಬ್ಬ ಗೆಳೆಯನನ್ನೂ ಕೂರಿಸಿಕೊಂಡು ನ್ಯೂ ಮೆಕ್ಸಿಕೊ ರಾಜ್ಯದ ಸಾಂಟಾ ಫೆ ಊರಿಗೆ ಕಾರಿನಲ್ಲಿ ವಾಪಸು ಹೋಗುತ್ತಿದ್ದ. ದಾರಿಯಲ್ಲಿ ಹರ್ನಾಂಡೆಜ್ ಅನ್ನುವ ಪುಟ್ಟ ಹಳ್ಳಿ. ಒಂದು ಚರ್ಚು, ಅದರ ಪಕ್ಕದಲ್ಲಿ ಸ್ಮಶಾನ. ಮುಳುಗುತ್ತಿದ್ದ ಸೂರ್ಯನ ಕೊನೆಯ ಬೆಳಕು ಗೋರಿಗಳ ಮೇಲಿನ ಶಿಲುಬೆಗಳ ಮೇಲೆ ಬಿದ್ದಿತ್ತು. ಎದುರಿಗೆ ಹಿಮ ಹೊದ್ದ ಬೆಟ್ಟಸಾಲಿನ ಮೇಲೆ, ಹುಣ್ಣಿಮೆಗೆ ಇನ್ನೂ ಎರಡು ದಿನ ಬಾಕಿಯಿದ್ದ ಚಂದ್ರ. ಆಡಮ್ಸ್ ಕಾರು ನಿಲ್ಲಿಸಿ, 8x10 ಇಂಚಿನ ಫಿಲ್ಮ್ ಹಾಳೆ ಹಿಡಿಯುವ ದೊಡ್ಡ ಕ್ಯಾಮೆರಾ ಹೂಡಿದ. ನೋಡಿದರೆ ಬೆಳಕು ಅಳೆಯುವ ಮೀಟರ್ ಕೈಗೇ ಸಿಗುತ್ತಿಲ್ಲ!

ಆಗ ಆತನ ನೆರವಿಗೆ ಬಂದದ್ದೂ ಚಂದ್ರನೇ. ಚಂದ್ರನ ಮೈಯ ಹೊಳಪು ಚದರಡಿಗೆ 250 ಕ್ಯಾಂಡಲ್ ಅನ್ನುವ ಲೆಕ್ಕ ಆತನ ತಲೆಯಲ್ಲಿತ್ತು. ಅದರ ಮೇಲೆ ಎಕ್ಸ್‌ಪೋಷರ್ ಗುಣಿಸಿಕೊಂಡ. 64 ವೇಗದ ಫಿಲ್ಮ್, ಮುಂದೊಂದು ಗಾಢ ಹಳದಿ ಫಿಲ್ಟರ್, ಎಫ್/32, ಒಂದು ಸೆಕೆಂಡು. ಒಂದು ಚಿತ್ರ ತೆಗೆದು, ಇನ್ನೊಂದಕ್ಕೆ ಸಿದ್ಧನಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬೆಳಕು ಆರಿಹೋಯಿತು. ಉಳಿದದ್ದು ಒಂದೇ ಒಂದು ನೆಗೆಟಿವ್.

ಇಲ್ಲೊಂದು ಮಾತು. ರಾತ್ರಿ ಚಂದ್ರನ ಫೋಟೋ ತೆಗೆಯುವ ಹೊಸಬರಿಗೆ ಬರಿಯ ಬಿಳಿ ಬಿಲ್ಲೆ ಸಿಗುವುದು ಯಾಕೆ ಗೊತ್ತೆ? ಸುತ್ತಲಿನ ಕತ್ತಲೆ ನೋಡಿ ಕ್ಯಾಮೆರಾ ತನ್ನಷ್ಟಕ್ಕೆ ಶಟರ್ ಹೆಚ್ಚು ಹೊತ್ತು ತೆರೆದಿಡುತ್ತದೆ. ನಮಗದು ರಾತ್ರಿ. ಆದರೆ ಚಂದ್ರನ ಮೇಲೆ ಸುಡುಹಗಲು. ಅಲ್ಲಿರುವುದು ಬಿಸಿಲಿಗೆ ಬಿದ್ದ ಕಲ್ಲುಮಣ್ಣು, ಅಷ್ಟೆ. ಹುಣ್ಣಿಮೆಯ ಚಂದ್ರನಿಗೆ ಎಫ್/11, ಐಎಸ್ಒ 100 ಇಟ್ಟರೆ ಸೆಕೆಂಡಿನ ನೂರನೇ ಒಂದು ಭಾಗ ಸಾಕು. ಮೀಟರಿಲ್ಲದೆ ಆಡಮ್ಸ್ ಗೆದ್ದದ್ದು ಈ ಗುಟ್ಟು ಗೊತ್ತಿದ್ದರಿಂದ.

ಚಿತ್ರ ಜಗತ್ಪ್ರಸಿದ್ಧವಾಯಿತು. ಯಾವತ್ತು ತೆಗೆದದ್ದು ಅಂತ ಕೇಳಿದರೆ ಮಾತ್ರ ಒಂದು ಕಡೆ 1940, ಇನ್ನೊಂದು ಕಡೆ 1944, ಹೀಗೆ ಬೇರೆ ಬೇರೆ ಉತ್ತರ. ಇದು ಫೋಟೋ ಇತಿಹಾಸಕಾರ ಬೋಮಾಂಟ್ ನ್ಯೂಹಾಲ್‌ಗೆ ತಲೆನೋವಾಯಿತು. ಆತ ಹೋಗಿ ಕೇಳಿದ್ದು ಕಲಾವಿಮರ್ಶಕರನ್ನಲ್ಲ, ಕೊಲರಾಡೊದ ವೀಕ್ಷಣಾಲಯವೊಂದರಲ್ಲಿದ್ದ ಡೇವಿಡ್ ಎಲ್ಮೋರ್‌ನನ್ನು. ಚಂದ್ರ ಎಷ್ಟು ಎತ್ತರದಲ್ಲಿದ್ದಾನೆ, ಯಾವ ದಿಕ್ಕಿನಲ್ಲಿದ್ದಾನೆ, ಎಷ್ಟು ದುಂಡಗಿದ್ದಾನೆ ಅನ್ನುವುದನ್ನು ಚಿತ್ರದಿಂದ ಅಳೆದು ಕಂಪ್ಯೂಟರಿಗೆ ಕೊಟ್ಟು ಎಲ್ಮೋರ್ ಉತ್ತರ ತೆಗೆದ: 1941ರ ಅಕ್ಟೋಬರ್ 31, ಸಂಜೆ 4 ಗಂಟೆ 3 ನಿಮಿಷ. ಆಡಮ್ಸ್ ಖುಷಿಯಾಗಿ ಒಪ್ಪಿಕೊಂಡ, 1983ರ ತನ್ನ ಪುಸ್ತಕದಲ್ಲೂ ಅದನ್ನೇ ಬರೆದ. 1984ರಲ್ಲಿ ತೀರಿಕೊಂಡ.

ಕತೆ ಅಲ್ಲಿಗೆ ಮುಗಿಯಲಿಲ್ಲ. 'ಸ್ಕೈ ಅಂಡ್ ಟೆಲಿಸ್ಕೋಪ್' ಪತ್ರಿಕೆಯ ಡೆನಿಸ್ ಡಿ ಚಿಕೊಗೆ ಈ ಉತ್ತರ ಸರಿಹೊಂದಲಿಲ್ಲ. ಆತ ಖುದ್ದಾಗಿ ಹರ್ನಾಂಡೆಜ್‌ಗೆ ಹೋಗಿ, ಕ್ಯಾಮೆರಾ ನಿಂತಿದ್ದ ಜಾಗವನ್ನು ಇನ್ನಷ್ಟು ಬಿಗಿಯಾಗಿ ಗುರುತಿಸಿ ಮತ್ತೆ ಲೆಕ್ಕ ಹಾಕಿದ. 1991ರಲ್ಲಿ ಪ್ರಕಟಿಸಿದ ಉತ್ತರ: ನವೆಂಬರ್ 1, ಸಂಜೆ 4 ಗಂಟೆ 49 ನಿಮಿಷ 20 ಸೆಕೆಂಡು. ಎರಡು ಉತ್ತರಗಳ ನಡುವೆ ಒಂದು ದಿನ ಮತ್ತು 46 ನಿಮಿಷ. ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನಲ್ಲ, ನೆನಪಿಸಿಕೊಳ್ಳಿ. ಇವತ್ತು ಕಂಡ ಜಾಗದ ಆಸುಪಾಸಿಗೆ ನಾಳೆ ಅಷ್ಟು ತಡವಾಗಿ ಬರುತ್ತಾನೆ. ಆ ಸರಿಯಾದ ತಾರೀಖು ಆಡಮ್ಸ್‌ಗೆ ಕೊನೆಗೂ ಗೊತ್ತಾಗಲಿಲ್ಲ.

ಎರಡನೆಯ ಚಿತ್ರ 1960ರ ಡಿಸೆಂಬರ್ 28ರದ್ದು. ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯಲ್ಲಿ ಹಾಫ್ ಡೋಮ್ ಅನ್ನುವ ಹೆಬ್ಬಂಡೆ, ಅದರ ಪಕ್ಕದಲ್ಲಿ ಚಂದ್ರ. ಈ ಸಲ ಹಾಸೆಲ್‌ಬ್ಲಾಡ್ ಕ್ಯಾಮೆರಾ, 250 ಮಿಲಿಮೀಟರಿನ ಟೆಲಿಫೋಟೋ ಲೆನ್ಸ್. ಲೆನ್ಸಿನ ಮಿಲಿಮೀಟರನ್ನು 110ರಿಂದ ಭಾಗಿಸಿದರೆ ಫಿಲ್ಮ್ ಮೇಲೆ ಚಂದ್ರ ಎಷ್ಟು ಅಗಲ ಬೀಳುತ್ತಾನೆ ಅನ್ನುವುದು ಹೆಚ್ಚುಕಡಿಮೆ ಸಿಗುತ್ತದೆ. 250ಕ್ಕೆ ಬರೀ 2.3 ಮಿಲಿಮೀಟರ್! 50ರ ಲೆನ್ಸಿಗೆ ಅರ್ಧ ಮಿಲಿಮೀಟರೂ ಇಲ್ಲ. ನಮ್ಮ ಸಾಮಾನ್ಯ ಫೋಟೋಗಳಲ್ಲಿ ಚಂದ್ರ ಸಾಬುದಾನಿ ಕಾಳಿನ ಹಾಗೆ ಕಾಣುವುದು ಇದಕ್ಕೇ.

ಹಾಗಂತ ಟೆಲಿಫೋಟೋ ಚಂದ್ರನೊಬ್ಬನನ್ನೇ ಹಿಗ್ಗಿಸುತ್ತದೆ ಅಂದುಕೊಳ್ಳಬೇಡಿ. ಅದು ಬೆಟ್ಟವನ್ನೂ ಅಷ್ಟೇ ಹಿಗ್ಗಿಸುತ್ತದೆ. ಚಂದ್ರನ ಎದುರು ಒಂದು ವಸ್ತು ಸಣ್ಣದಾಗಿ ಕಾಣಬೇಕಾದರೆ ನಾವು ಅದರಿಂದ ದೂರ ನಡೆಯಬೇಕು. ಶ್ರವಣಬೆಳಗೊಳದ 58 ಅಡಿ ಗೊಮ್ಮಟ ಮತ್ತು ಚಂದ್ರ ಒಂದೇ ಅಳತೆಗೆ ಕಾಣಬೇಕು ಅಂದರೆ ಸುಮಾರು ಎರಡು ಕಿಲೋಮೀಟರ್ ಆಚೆ ನಿಲ್ಲಬೇಕು. ಆ ಮೇಲೆ ಲೆನ್ಸಿನ ಕೆಲಸ. ಚಂದ್ರನೋ, ತನ್ನ ಅಗಲದಷ್ಟು ದೂರ ಸರಿಯಲು ಎರಡೇ ನಿಮಿಷ ತೆಗೆದುಕೊಳ್ಳುತ್ತಾನೆ. ಗೋಪುರದ ಹಿಂದೆ ಬಂಡಿಚಕ್ರದಷ್ಟು ದೊಡ್ಡ ಚಂದ್ರ, ಮುಂದೆ ಗೋಪುರದ ಬುಡದಲ್ಲೇ ನಿಂತು ತೆಗೆದಂತೆ ಕಾಣುವ ಅಂಗಳ. ಇಂಥ ಚಿತ್ರ ಕಂಡರೆ ಅದು ಅಂಟಿಸಿದ ಚಂದ್ರ ಅಂತ ಈ ಲೆಕ್ಕದಿಂದಲೇ ಹೇಳಬಹುದು.

ಮೂರನೆಯದು 'ಆಟಮ್ ಮೂನ್', ಯೊಸೆಮಿಟಿಯದೇ ಗ್ಲೇಸಿಯರ್ ಪಾಯಿಂಟ್‌ನಿಂದ ತೆಗೆದದ್ದು. ಟೆಕ್ಸಸ್‌ನ ಖಗೋಳ ಪ್ರಾಧ್ಯಾಪಕ ಡೊನಾಲ್ಡ್ ಓಲ್ಸನ್ ತಂಡ ಅದರ ತಾರೀಖನ್ನು 1948ರ ಸೆಪ್ಟೆಂಬರ್ 15 ಎಂದು ಹುಡುಕಿತು. ಅಷ್ಟೇ ಅಲ್ಲ, ಅದೇ ದೃಶ್ಯ 2005ರ ಸೆಪ್ಟೆಂಬರ್ 15ರಂದು ಮತ್ತೆ ಕಾಣುತ್ತದೆ ಅಂತಲೂ ಹೇಳಿತು. ಅವತ್ತು ನೂರಾರು ಜನ ಕ್ಯಾಮೆರಾ ಹಿಡಿದು ಅಲ್ಲಿ ಸೇರಿದ್ದರು. ಇದು ಪವಾಡವಲ್ಲ. 19 ವರ್ಷಕ್ಕೆ ಸರಿಯಾಗಿ 235 ಚಾಂದ್ರಮಾಸಗಳು, ಎರಡು ಗಂಟೆಯಷ್ಟೇ ವ್ಯತ್ಯಾಸ. 1948ಕ್ಕೆ ಮೂರು ಹತ್ತೊಂಬತ್ತು ಕೂಡಿಸಿ ನೋಡಿ. ನಮ್ಮ ಮನೆಯ ಪಂಚಾಂಗದಲ್ಲೂ ಇದನ್ನು ಪರೀಕ್ಷಿಸಬಹುದು. ನಿಮ್ಮ ಇಂಗ್ಲಿಷ್ ಹುಟ್ಟುಹಬ್ಬವೂ ಹುಟ್ಟಿದ ತಿಥಿಯೂ 19, 38, 57ನೇ ವಯಸ್ಸಿಗೆ ಒಂದಾಗುತ್ತವೆ. ತಪ್ಪಿದರೆ ಒಂದು ದಿನ ಆಚೀಚೆ.

ಇಷ್ಟೆಲ್ಲ ಬರೆಯಲು ಕಾರಣವಿದೆ. 2023ರ ಮಾರ್ಚ್‌ನಲ್ಲಿ ಒಬ್ಬಾತ ಚಂದ್ರನ ಚಿತ್ರವೊಂದನ್ನು ಬೇಕೆಂದೇ ಮಸುಕುಗೊಳಿಸಿ, ಕುಳಿಗಳೆಲ್ಲ ಅಳಿಸಿಹೋಗುವಂತೆ ಮಾಡಿ, ಅದನ್ನು ಕತ್ತಲೆ ಕೋಣೆಯ ಕಂಪ್ಯೂಟರ್ ಪರದೆಯ ಮೇಲಿಟ್ಟು ಹೆಸರುವಾಸಿ ಫೋನೊಂದರಿಂದ ಫೋಟೋ ತೆಗೆದ. ಫೋನಿನ ಚಿತ್ರದಲ್ಲಿ ಕುಳಿಗಳು ಮೂಡಿದ್ದವು! ಎದುರಿಗೆ ಇಲ್ಲದ್ದನ್ನು ಫೋನು ತಾನು ಮೊದಲೇ ಕಲಿತಿದ್ದರಿಂದ ತುಂಬಿತ್ತು.

"ಆಡಮ್ಸ್ ಮಾತ್ರ ಏನು ಕಮ್ಮಿ?" ಅಂತ ನೀವು ಕೇಳಬಹುದು. ಕೇಳಲೇಬೇಕು. ಹರ್ನಾಂಡೆಜ್ ಚಿತ್ರದ ಆಕಾಶವನ್ನು ಆತ ಡಾರ್ಕ್‌ರೂಮಿನಲ್ಲಿ ಕಪ್ಪಾಗಿಸಿದ್ದ, ತೆಳುಮೋಡಗಳು ಮಾಯವಾಗುವಷ್ಟು. 1948ರಲ್ಲಿ ನೆಗೆಟಿವ್‌ನ ಕೆಳಭಾಗಕ್ಕೆ ರಾಸಾಯನಿಕದ ಉಪಚಾರವನ್ನೂ ಮಾಡಿದ್ದ. ಆದರೆ ಚಂದ್ರ ಇದ್ದ ಜಾಗ, ಇದ್ದ ಆಕಾರ ಹಾಗೇ ಉಳಿದವು. ಆದ್ದರಿಂದಲೇ 50 ವರ್ಷದ ನಂತರ ಯಾರೋ ಹೋಗಿ ಆ ಚಿತ್ರವನ್ನು ಪ್ರಶ್ನೆ ಕೇಳಿದಾಗ ಅದು ಉತ್ತರ ಕೊಟ್ಟಿತು. ಬಣ್ಣ, ಹೊಳಪು ಹೇಗಾದರೂ ತಿದ್ದಿಕೊಳ್ಳೋಣ, ನನ್ನ ತಕರಾರಿಲ್ಲ. ಚಂದ್ರನನ್ನೇ ತಂದು ಕೂರಿಸಿದರೆ ಮಾತ್ರ ಆ ಚಿತ್ರಕ್ಕೆ ಯಾವ ಸಂಜೆಯೂ ಇರುವುದಿಲ್ಲ.

ಮುಂದಿನ ಸಲ ಬೆಟ್ಟವೋ ಗೋಪುರವೋ ಸೇರಿಸಿ ಚಂದ್ರನ ಚಿತ್ರ ತೆಗೆದಾಗ, ನಿಂತ ಜಾಗವನ್ನು ಒಂದು ಚೀಟಿಯಲ್ಲಿ ಬರೆದಿಡಿ. ಯಾವ ಕಲ್ಲಿನ ಪಕ್ಕ, ಯಾವ ಮರದ ಬುಡ ಅಂತ. ತಾರೀಖು ಮರೆತರೂ ಚಿಂತೆಯಿಲ್ಲ.