ಮೂರು ಬಲ್ಬು, ಒಂದು ಕಿಟಕಿ

ಹೋದ ಶ್ರಾವಣದಲ್ಲಿ ಅವ್ವ ಧಾರವಾಡದಿಂದ ಪುಣೆಗೆ ಬಂದಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಕಿಟಕಿಯ ಕೆಳಗೆ ಕೂತು ಹೂಬತ್ತಿ ಮಾಡುವುದು ಅವಳ ರೂಢಿ. ನೋಡಲು ಚೆಂದ ಕಂಡಿತು, ಕ್ಯಾಮೆರಾ ತಂದೆ. ಮೊದಲ ಫೋಟೋದಲ್ಲಿ ಹೊರಗಿನ ಮಳೆಗೆ ತೊಯ್ದ ಮರವೆಲ್ಲ ನಿಚ್ಚಳ, ಅವ್ವ ಮಾತ್ರ ಬರೀ ಕಪ್ಪು ಆಕಾರ. ಫ್ಲ್ಯಾಶ್ ಹಾಕಿ ಎರಡನೆಯದು ತೆಗೆದೆ. ಮುಖ ಕಂಡಿತು, ಆದರೆ ಸುಣ್ಣ ಬಳಿದ ಗೋಡೆಯ ಹಾಗೆ. ಕಿಟಕಿ, ಮರ, ಕೋಣೆ ಎಲ್ಲ ಕತ್ತಲಲ್ಲಿ ಮುಳುಗಿಹೋಗಿದ್ದವು. ತೋರಿಸಿದೆ. "ಹಾಡುಹಗಲಾಗ ರಾತ್ರಿ ಮಾಡೀಯಲ್ಲೋ" ಎಂದು ನಕ್ಕಳು. ಆಮೇಲೆ, "ಕಣ್ಣು ಕುಕ್ಕತಾವಪಾ, ಬ್ಯಾಡ ಬಿಡು" ಎಂದಳು.

ಇದೇ ಪುಣೆಯಲ್ಲಿ, 1946ರಲ್ಲಿ, ಇದೇ ತೊಡಕಿನಲ್ಲಿ ಸಿಕ್ಕಿಕೊಂಡವರೊಬ್ಬರಿದ್ದರು. ಅಮೆರಿಕದ 'ಲೈಫ್' ಪತ್ರಿಕೆಯ ಮಾರ್ಗರೆಟ್ ಬೋರ್ಕ್-ವೈಟ್. ಕಿಟಕಿಯ ಕೆಳಗೆ ಕೂತಿದ್ದವರು ಗಾಂಧೀಜಿ. ಆಗ ಅವರು ಇಲ್ಲಿ ಡಾ. ದಿನ್‌ಷಾ ಮೆಹ್ತಾ ಅವರ ನಿಸರ್ಗ ಚಿಕಿತ್ಸಾಲಯದಲ್ಲಿದ್ದರು.

ಗಾಂಧೀಜಿಗೂ ಫ್ಲ್ಯಾಶಿಗೂ ಮೊದಲಿನಿಂದಲೂ ಆಗಿಬರುತ್ತಿರಲಿಲ್ಲ. ಅವರ ಅಣ್ಣನ ಮಗನ ಮಗ ಎನ್ನಬಹುದಾದ ಸಂಬಂಧದ ಹುಡುಗ ಕನು ಗಾಂಧಿ ಸೇವಾಗ್ರಾಮದಲ್ಲಿ ಫೋಟೋ ತೆಗೆಯುತ್ತೇನೆಂದು ಕೇಳಿದಾಗ ಮೂರು ಷರತ್ತು ಹಾಕಿದ್ದರು: ಫ್ಲ್ಯಾಶ್ ಬಳಸಕೂಡದು, ನಾನು ಪೋಸು ಕೊಡುವುದಿಲ್ಲ, ಆಶ್ರಮದ ದುಡ್ಡು ಸಿಗುವುದಿಲ್ಲ. ಘನಶ್ಯಾಮದಾಸ್ ಬಿರ್ಲಾ ಕೊಟ್ಟ 100 ರೂಪಾಯಿಯಲ್ಲಿ ಕನು ರೋಲಿಫ್ಲೆಕ್ಸ್ ಕ್ಯಾಮೆರಾ ಕೊಂಡರು. ಅಂದಿನ ನಿಧಾನದ ಫಿಲ್ಮು, ಗುಡಿಸಲಿನ ಮಬ್ಬು. ಹಾಗಾಗಿ ಅವರ ಚಿತ್ರಗಳಲ್ಲಿ ಎಷ್ಟೋ ಕಡೆ ನೆರಳು ಮಸಿಯ ಹಾಗೆ ಗಟ್ಟಿ, ಕೆಲವು ಕಡೆ ಗಾಂಧೀಜಿ ಅಲುಗಾಡಿ ಮಸುಕು. ನನಗಂತೂ ಆ ಮಸುಕೇ ಇಷ್ಟ. ಆದರೆ ಷರತ್ತಿಗೆ ಬೆಲೆ ತೆರಬೇಕಾಯಿತು ಎನ್ನುವುದೂ ಅಷ್ಟೇ ನಿಜ.

ಬೋರ್ಕ್-ವೈಟ್ ಅವರಿಗೆ ಸಿಕ್ಕ ರಿಯಾಯಿತಿಯೂ ಮೂರರ ಲೆಕ್ಕದ್ದೇ. ಮೊದಲು ನೂಲಲು ಕಲಿಯಿರಿ, ಚರಕ ಎಂದರೇನೆಂದು ತಿಳಿಯದೆ ಚರಕದ ಮುಂದಿನ ಮನುಷ್ಯನನ್ನು ಹೇಗೆ ತೆಗೆಯುತ್ತೀರಿ ಎಂದರು ಕಾರ್ಯದರ್ಶಿ. ಆಕೆ ಕೂತು ಕಲಿತರು, ನೂಲು ಪದೇಪದೇ ಹರಿಯಿತು. ಅಂದು ಗಾಂಧೀಜಿಯ ಮೌನದ ದಿನ, ಆದ್ದರಿಂದ ಮಾತಾಡಿಸುವಂತಿಲ್ಲ. ಫ್ಲ್ಯಾಶ್ ಬಲ್ಬು? ಬೇಡವೇ ಬೇಡ ಎಂಬಲ್ಲಿಂದ ಶುರುವಾದ ಚೌಕಾಸಿ ಮೂರಕ್ಕೆ ಬಂದು ನಿಂತಿತು.

ಒಳಗೆ ಹೋದರೆ ಕೋಣೆ ಕತ್ತಲು, ಗಾಂಧೀಜಿಯ ತಲೆಯ ಮೇಲೆಯೇ ಒಂದು ಕಿಟಕಿ. ಅದರ ಬೆಳಕು ನೇರ ಲೆನ್ಸಿಗೆ ಹೊಡೆಯುತ್ತಿತ್ತು. 'ಹಾಫ್‌ವೇ ಟು ಫ್ರೀಡಂ' (1949) ಪುಸ್ತಕದಲ್ಲಿ ಆಕೆ ಆ ಕಿಟಕಿಯನ್ನು ಬೈದುಕೊಂಡೇ ಬರೆದಿದ್ದಾರೆ.

ಇಲ್ಲಿ ಲೆಕ್ಕವನ್ನು ಸ್ವಲ್ಪ ಬಿಡಿಸಬೇಕು. ಕಿಟಕಿಗೆ ಸರಿಯಾಗಿ ಶಟರ್ ಇಟ್ಟರೆ ಮುಖ ಕಪ್ಪು. ಮುಖಕ್ಕೆ ಇಟ್ಟರೆ ಕಿಟಕಿ ಉಕ್ಕಿ ಹರಿದು ತಲೆಯ ಅಂಚನ್ನೇ ತಿಂದುಬಿಡುತ್ತದೆ. ಉಪಾಯ ಒಂದೇ. ಕಿಟಕಿಗೆ ಸರಿಹೋಗುವ ಅಳತೆಯನ್ನು ಹಾಗೆಯೇ ಉಳಿಸಿಕೊಂಡು, ಮುಖದ ನೆರಳಿಗೆ ಮಾತ್ರ ಒಂದಿಷ್ಟು ಬೆಳಕು ತುಂಬುವುದು. ಇದೇ ಫಿಲ್ ಫ್ಲ್ಯಾಶ್. ಇಂದಿನ ಫ್ಲ್ಯಾಶ್ ಕಣ್ಣೆವೆ ಬಡಿಯುವುದರೊಳಗೆ ಮುಗಿಯುವುದರಿಂದ ಶಟರ್ ಎಷ್ಟು ಹೊತ್ತು ತೆರೆದಿದ್ದರೂ ಅದಕ್ಕೆ ಲೆಕ್ಕವಿಲ್ಲ; ಅದರ ಪಾಲನ್ನು ಹಿಡಿತದಲ್ಲಿಡುವುದು ಲೆನ್ಸಿನ ಅಪರ್ಚರ್ ಮತ್ತು ದೂರ. ಎರಡು ಮೀಟರಿನಲ್ಲಿದ್ದವರು ನಾಲ್ಕು ಮೀಟರಿಗೆ ಸರಿದರೆ ಅವರ ಮೇಲೆ ಬೀಳುವ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಕೋಣೆಯ ಬೆಳಕಿಗಾದರೆ ಶಟರಿನ ಹೊತ್ತೂ ಮುಖ್ಯ. ಒಂದೇ ಚಿತ್ರದಲ್ಲಿ ಎರಡು ನಲ್ಲಿಗಳಿದ್ದ ಹಾಗೆ. ನಾನು ಅವ್ವನಿಗೆ ಒಂದನ್ನು ಪೂರ್ತಿ ತಿರುಗಿಸಿ, ಇನ್ನೊಂದನ್ನು ಬಂದ್ ಮಾಡಿದ್ದೆ. ಫ್ಲ್ಯಾಶನ್ನು ಕಾಲುಭಾಗಕ್ಕಿಳಿಸಿ, ಶಟರ್ ನಿಧಾನ ಮಾಡಿ ಮೂರನೆಯ ಸಲ ಬರುವಷ್ಟರಲ್ಲಿ ಅವಳು ಬತ್ತಿ ಮುಗಿಸಿ ಎದ್ದಿದ್ದಳು.

ಬೋರ್ಕ್-ವೈಟ್ ಅವರ ಕೈಯಲ್ಲಿದ್ದದ್ದು ಎಲೆಕ್ಟ್ರಾನಿಕ್ ಫ್ಲ್ಯಾಶಲ್ಲ. 1887ರಲ್ಲಿ ಜರ್ಮನಿಯಲ್ಲಿ ಬಂದ ಮೆಗ್ನೀಸಿಯಂ ಪುಡಿ ಹೊಗೆ, ಬೂದಿ, ಸದ್ದು ಎಲ್ಲವನ್ನೂ ಕೋಣೆಗೆ ತರುತ್ತಿತ್ತು. 1930ರ ಆಸುಪಾಸಿನಲ್ಲಿ ಬಂದ ಬಲ್ಬು ಅದೇ ಬೆಂಕಿಯನ್ನು ಗಾಜಿನೊಳಗೆ ಮುಚ್ಚಿಟ್ಟಿತು. ಒಂದು ಬಲ್ಬು ಉರಿಯುವುದು ಒಂದೇ ಸಲ. ಹೊತ್ತಿಕೊಂಡ ಮೇಲೆ ಪೂರ್ತಿ ಬೆಳಗಲು ಸೆಕೆಂಡಿನ ಸಾವಿರದ ಕೆಲವು ಪಾಲು ಬೇಕು, ಶಟರ್ ಸರಿಯಾಗಿ ಆ ಗಳಿಗೆಗೇ ತೆರೆದಿರಬೇಕು. ಮೊದಲನೆಯ ಬಲ್ಬು ಅಲ್ಲೇ ಕೈಕೊಟ್ಟಿತು. ಎರಡೂ ಕೂಡಿಬರಲಿಲ್ಲವೆಂದು ಸದ್ದಿನಲ್ಲೇ ಆಕೆಗೆ ಗೊತ್ತಾಯಿತು. ಬಲ್ಬಿನ ಸಹವಾಸವೇ ಬೇಡವೆಂದು ಇದ್ದ ಬೆಳಕಿನಲ್ಲೇ ತೆಗೆಯಲು ಟ್ರೈಪಾಡ್ ನಿಲ್ಲಿಸಹೋದರೆ ಅದರ ಕಾಲುಗಳು ಒಂದು ಗಿಡ್ಡ, ಉಳಿದವು ಉದ್ದ ಆಗಿ ಸಿಕ್ಕಿಕೊಂಡವು. ಮತ್ತೆ ಬಲ್ಬಿಗೇ ಬಂದರು. ಎಲ್ಲ ಪರೀಕ್ಷಿಸಿ ಎರಡನೆಯದನ್ನು ಹೊತ್ತಿಸಿದರು, ಸದ್ದೂ ಸರಿಯಾಗಿ ಬಂತು. ಆಮೇಲೆ ನೋಡಿದರೆ ಫಿಲ್ಮಿನ ಮುಂದಿನ ತಗಡನ್ನು ಎಳೆಯುವುದೇ ಮರೆತುಹೋಗಿತ್ತು. ಮೂರನೆಯದು ಕೈಕೊಡಲಿಲ್ಲ. ಗಾಂಧೀಜಿ ಆಕೆಯನ್ನು 'ಹಿಂಸೆ ಕೊಡುವವಳು' ಎಂದು ತಮಾಷೆಗೆ ಕರೆಯುತ್ತಿದ್ದುದುಂಟು. ಆ ದಿನ ಹಿಂಸೆ ಅನುಭವಿಸಿದವರು ಯಾರೆಂದು ಹೇಳುವುದು ಕಷ್ಟ.

ಆ ಭೇಟಿಯಿಂದ ಜಗತ್ತಿಗೆ ಉಳಿದ ಚಿತ್ರ ನಿಮಗೆ ಗೊತ್ತು. ಚರಕ ಮುಂದೆ, ದೊಡ್ಡದಾಗಿ. ಗಾಂಧೀಜಿ ಅದರ ಹಿಂದೆ, ನೂಲುತ್ತಿಲ್ಲ, ಓದುತ್ತಿದ್ದಾರೆ. ಹಗಲು ಹಗಲಾಗಿಯೇ ಇದೆ.

ಎರಡು ವರ್ಷದ ನಂತರ, 1948ರ ಜನವರಿ 30. ದೆಹಲಿಯ ಬಿರ್ಲಾ ಭವನ. ಬೋರ್ಕ್-ವೈಟ್ ಅದೇ ದಿನ, ಕೆಲವೇ ಗಂಟೆಗಳ ಮುಂಚೆ, ಗಾಂಧೀಜಿಯನ್ನು ಸಂದರ್ಶಿಸಿದ್ದರು. ಫ್ರಾನ್ಸಿನ ಆಂರಿ ಕಾರ್ತಿಯೇ-ಬ್ರೆಸೋಂ ಕೂಡ ಅಂದೇ ಅವರನ್ನು ಕಂಡಿದ್ದರು. ಗುಂಡಿನ ಸುದ್ದಿ ತಿಳಿದು ಇಬ್ಬರೂ ಮರಳಿದರು. ಪಾರ್ಥಿವ ಶರೀರ ಇಟ್ಟಿದ್ದ ಕೋಣೆಯಲ್ಲಿ ಬೋರ್ಕ್-ವೈಟ್ ಬಲ್ಬು ಹೊತ್ತಿಸಿದರು. ಅಳುತ್ತಿದ್ದವರು ಸಿಟ್ಟಿಗೆದ್ದರು, ಫಿಲ್ಮು ಕಿತ್ತು ಹಾಳುಮಾಡಿದರು, ಆಕೆಯನ್ನು ಹೊರಗೆ ಕಳಿಸಿದರು. ಫ್ಲ್ಯಾಶೆಂದರೆ ಆಗದ ಕಾರ್ತಿಯೇ-ಬ್ರೆಸೋಂ ಪುಟ್ಟ ಲೈಕಾದಲ್ಲಿ, ಯಾರ ಗಮನಕ್ಕೂ ಬೀಳದೆ, ಇದ್ದ ಬೆಳಕಿನಲ್ಲಿ ಕೆಲಸ ಮಾಡಿದರು.

ಫೋಟೋಗ್ರಫಿ ಕಲಿಸುವವರು ಈ ಕತೆಯನ್ನು ಫ್ಲ್ಯಾಶ್ ಕೆಟ್ಟದ್ದು, ಸಹಜ ಬೆಳಕು ಒಳ್ಳೆಯದು ಎನ್ನಲು ಬಳಸುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಪುಣೆಯಲ್ಲಿ ಬಲ್ಬು ಉರಿಸಿದವರೂ ಇವರೇ. ಅಲ್ಲಿ ಮೊದಲ ಬೆಳಕು ಕಿಟಕಿಯದು, ಬಲ್ಬು ಅದಕ್ಕೆ ಜೊತೆ ಕೊಟ್ಟಿತು. ಎಷ್ಟು ಉರಿಸಬಹುದೆಂದು ಮನೆಯವರೇ ಎಣಿಸಿ ಕೊಟ್ಟಿದ್ದರು. ಬಿರ್ಲಾ ಭವನದಲ್ಲಿ ಸಂಜೆ ಮುಗಿದಿತ್ತು. ಜೊತೆ ಕೊಡಲು ಇನ್ನೊಂದು ಬೆಳಕಿಲ್ಲದ ಕಡೆ ಬಲ್ಬೇ ಎಲ್ಲವೂ ಆಗುತ್ತದೆ, ಕೋಣೆಯಲ್ಲಿದ್ದವರ ದುಃಖಕ್ಕಿಂತ ಮುಂದೆ ಬಂದು ನಿಲ್ಲುತ್ತದೆ. ಪುಣೆಯಲ್ಲಿ ಅಳೆದದ್ದನ್ನು ಆಕೆ ಅಂದು ಅಳೆಯಲಿಲ್ಲ. ಕೇಳಲೂ ಇಲ್ಲ.

ಅದೇ ರಾತ್ರಿ ನೆಹರೂ ಬಿರ್ಲಾ ಭವನದ ಗೇಟಿನ ಮೇಲೆ ಹತ್ತಿ ಸಾವಿನ ಸುದ್ದಿ ಹೇಳಿದರು. ಕಾರ್ತಿಯೇ-ಬ್ರೆಸೋಂ ತೆಗೆದ ಆ ಚಿತ್ರ ಮಸುಕು, ಅಲುಗಾಡಿದ್ದು, ದೀಪದ ಬೆಳಕು ಅದರೊಳಗೆ ಚೆಲ್ಲಿಕೊಂಡಿದೆ. ಇಂದು ಗಾಂಧಿ ಸ್ಮೃತಿಯಾಗಿರುವ ಆ ಮನೆಗೆ ದೆಹಲಿಯ ಗೆಳೆಯರು ಹೋಗಿಯೇ ಇರುತ್ತೀರಿ. ಕತ್ತಲಾಗುವ ಹೊತ್ತಿಗೆ ಗೇಟಿನ ಬಳಿ ನಿಂತು ನೋಡಿ, ಆ ಚಿತ್ರಕ್ಕೆ ಎಷ್ಟು ಕಡಿಮೆ ಬೆಳಕಿತ್ತೆಂದು ತಿಳಿಯುತ್ತದೆ.

ಪುಣೆಯ ಚಿತ್ರವನ್ನು 1946ರಲ್ಲಿ 'ಲೈಫ್' ಸಣ್ಣದಾಗಿ, ನಿಸರ್ಗ ಚಿಕಿತ್ಸೆಯ ಒಂದು ಲೇಖನದ ತಲೆಯ ಮೇಲೆ ಹಾಕಿ ಮುಗಿಸಿತ್ತು. 1948ರ ಶ್ರದ್ಧಾಂಜಲಿಗೆ ಅದನ್ನೇ ಹುಡುಕಿ ತೆಗೆದು ದೊಡ್ಡದಾಗಿ ಅಚ್ಚು ಹಾಕಿದರು.